ಜನಾಂಗದ ಮಾತು ಬಿಟ್ಟರೆ ವಿರೋಧ ಕಡಿಮೆ ಆಗುತ್ತಾ? ನಾನು ಬಿಟ್ಟು ನೋಡಿದ್ದೇನೆ

ಅಮೆರಿಕದಲ್ಲಿ ಕಪ್ಪು ಜನರ ಮಾತೆತ್ತದೆ ಬರೀ ಗಾಳಿ, ನೀರು, ಆರೋಗ್ಯ ಅಂದಿದ್ದರೆ ಪರಿಸರ ನೀತಿಗೆ ಇಷ್ಟು ವಿರೋಧ ಬರುತ್ತಿರಲಿಲ್ಲ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದವನು.

ಹ್ಯೂಸ್ಟನ್‌ನಲ್ಲಿ ನಮ್ಮ ಬಡಾವಣೆಗೂ ಕಪ್ಪು ಜನರ ಬಡಾವಣೆಗೂ ನಡುವೆ ಒಂದು ಹೆದ್ದಾರಿ ಅಷ್ಟೇ. ಆ ಕಡೆ ಆಗಲೇ ಎರಡು ಕಾಂಕ್ರೀಟ್ ಪ್ಲಾಂಟ್ ಇದ್ದವು. ಮೂರನೆಯದಕ್ಕೆ ಅರ್ಜಿ ಹಾಕಿದ್ದರು. ಅಲ್ಲಿನ ಅಜ್ಜಿಯೊಬ್ಬರು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದರು. ಬೂದಿ ಬಣ್ಣದ ನುಣ್ಣನೆ ಪುಡಿ. ಬೆಳಿಗ್ಗೆಯಷ್ಟೇ ಒರೆಸಿದ್ದರಂತೆ.

ಅದಕ್ಕೆ ಅನುಮತಿ ಕೊಡಬೇಡಿ ಅಂತ ಅಧಿಕಾರಿಗಳಿಗೆ ಮನವಿ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಅಜ್ಜಿ ಬರೆದುಕೊಟ್ಟ ಪ್ಯಾರಾ ಒಂದಿತ್ತು. 1979ರಲ್ಲಿ ಇದೇ ಊರಿನ ನಾರ್ತ್‌ವುಡ್ ಮ್ಯಾನರ್ ಜನ ಕಸದ ಗುಂಡಿ ಬೇಡ ಅಂತ ಕೋರ್ಟಿಗೆ ಹೋದಾಗ ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲಾರ್ಡ್ ಲೆಕ್ಕ ತೆಗೆದಿದ್ದರು. ನಗರಸಭೆಯ 5 ಕಸದ ಗುಂಡಿಗಳಲ್ಲಿ ಐದೂ, ಕಸ ಸುಡುವ 8 ಘಟಕಗಳಲ್ಲಿ 6, ಕಪ್ಪು ಜನರ ಬಡಾವಣೆಗಳಲ್ಲೇ ಇದ್ದವು. ಊರಿನ ಜನಸಂಖ್ಯೆಯಲ್ಲಿ ಅವರು ಕಾಲು ಭಾಗ ಮಾತ್ರ. ಈಗ ಮೂರು ಪ್ಲಾಂಟೂ ನಮ್ಮ ಕಡೆಗೇ ಯಾಕೆ ಅಂತ ಅಜ್ಜಿ ಕೇಳಿದ್ದರು.

ಆ ಪ್ಯಾರಾ ತೆಗೆದೆ. ವಿಚಾರಣೆಯ ಹಿಂದಿನ ರಾತ್ರಿ, ಅಜ್ಜಿಯನ್ನು ಒಂದು ಮಾತೂ ಕೇಳದೆ. ನಮ್ಮ ಕಡೆಯ ಬಿಳಿಯರು ಸಹಿ ಹಾಕಲಿ ಅನ್ನೋದು ನನ್ನ ಆಸೆ. ಹಾಕಿದರು ಕೂಡ. ಆದರೆ ಏನಾಯ್ತು ನೋಡಿ. ಇಂಥ ವಿಚಾರಣೆಯಲ್ಲಿ ದಾಖಲೆಯಲ್ಲಿ ಏನಿದೆಯೋ ಅದಕ್ಕೆ ಮಾತ್ರ ಅಧಿಕಾರಿಗಳು ಉತ್ತರ ಕೊಡುತ್ತಾರೆ. ನಾನು ಬರೀ ಧೂಳಿನ ಬಗ್ಗೆ ಬರೆದಿದ್ದೆ. ಈ ಪ್ಲಾಂಟಿನ ಧೂಳು ಮಿತಿಯೊಳಗಿದೆ ಅಂತ ಉತ್ತರ ಬಂತು. ಮೂರೂ ಒಂದೇ ಕಡೆ ಯಾಕೆ ಅನ್ನೋ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಲೇ ಇಲ್ಲ, ಯಾಕಂದ್ರೆ ಆ ಪ್ರಶ್ನೆ ಇದ್ದದ್ದು ಅಜ್ಜಿಯ ಪ್ಯಾರಾದಲ್ಲಿ. ನಮ್ಮ ಕೈಯಲ್ಲಿದ್ದ ಒಂದೇ ಗಟ್ಟಿ ವಾದವನ್ನು ನಾನೇ ಅಳಿಸಿ ಹಾಕಿದ್ದೆ. ಪ್ಲಾಂಟಿಗೆ ಅನುಮತಿ ಸಿಕ್ಕಿತು.

ವಿರೋಧ ಏನಾದರೂ ತಗ್ಗಿತಾ? ಇಲ್ಲ. ಗಾಳಿ ಅಳೆಯೋ ಯಂತ್ರ ಇಡಿ ಅಂತ ಕೇಳಿದ್ದಕ್ಕೆ ನಮ್ಮ ಬೀದಿಯವರೊಬ್ಬರು ಎದ್ದು, "ಅವರಿಗೆ ಎಷ್ಟು ಕೊಟ್ಟರೂ ಸಾಲದು, ನಮ್ಮ ತೆರಿಗೆ ದುಡ್ಡು" ಅಂದರು. ನನ್ನ ಮನವಿಯಲ್ಲಿ "ಅವರು" ಅನ್ನೋ ಪದವೇ ಇರಲಿಲ್ಲ.

ಆಮೇಲೆ ಓದಿದಾಗ ಇದು ನಮ್ಮ ಬೀದಿಯ ಕಥೆಯಷ್ಟೇ ಅಲ್ಲ ಅಂತ ಗೊತ್ತಾಯ್ತು. ರಾಜಕೀಯಶಾಸ್ತ್ರಜ್ಞ ಸಲೀಲ್ ಬೆನೆಗಲ್ 2018ರ ಅಧ್ಯಯನದಲ್ಲಿ ತೋರಿಸಿದ್ದೂ ಇದನ್ನೇ. ಕಪ್ಪು ಜನರ ಮೇಲೆ ಅಸಮಾಧಾನ ಜಾಸ್ತಿ ಇರುವ ಬಿಳಿಯರು ಹವಾಮಾನ ಬದಲಾವಣೆ ಮನುಷ್ಯರಿಂದ ಆಗ್ತಿದೆ ಅನ್ನೋದನ್ನು ಒಪ್ಪೋದೇ ಕಡಿಮೆ. ಹವಾಮಾನದ ಮಾತಿನಲ್ಲಿ ಜನಾಂಗ ಎಲ್ಲಿದೆ ಹೇಳಿ? ಅಲಬಾಮಾ ರಾಜ್ಯದಲ್ಲಿ ಕಪ್ಪು ಜನರೇ ಹೆಚ್ಚಿರುವ ಲೌಂಡ್ಸ್ ಕೌಂಟಿಯಲ್ಲಿ ಎಷ್ಟೋ ಮನೆಗಳ ಕಕ್ಕಸಿನ ನೀರು ಹಿತ್ತಲಿಗೇ ಹರಿಯುತ್ತೆ. ಅದನ್ನು ಸರಿಮಾಡಲು 2023ರಲ್ಲಿ ಆದ ಒಪ್ಪಂದವನ್ನು 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಕಾನೂನುಬಾಹಿರ "ಡಿಇಐ" (ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವ ಕಾರ್ಯಕ್ರಮ) ಅಂತ ಕರೆದು ಮುಗಿಸಿಬಿಟ್ಟಿತು. ಸೆಪ್ಟಿಕ್ ಟ್ಯಾಂಕ್ ಕೂಡ ಅವರ ಕಣ್ಣಿಗೆ ಜನಾಂಗದ ವಿಷಯವೇ.

ಊರಲ್ಲಿ ಕಸ ಯಾವ ಕೇರಿಯ ಪಕ್ಕ ಬೀಳುತ್ತೆ ಅಂತ ನೋಡುತ್ತಲೇ ಬೆಳೆದವನು ನಾನು. ನನಗಾದರೂ ಇದು ಮೊದಲೇ ಹೊಳೆಯಬೇಕಿತ್ತು.

ಹಾಗಾಗಿ ಮಾತು ಮೆತ್ತಗೆ ಮಾಡಬೇಡಿ. ಯಾವ ಘಟಕ ಎಲ್ಲಿದೆ ಅಂತ ನಕ್ಷೆ ಹಾಕಿ, ವರ್ಷ ಬರೆಯಿರಿ. ಏನು ಸೇರಿಸಬೇಕು, ಏನು ಬಿಡಬೇಕು ಅಂತ ಅಲ್ಲಿ ವಾಸ ಮಾಡೋರೇ ಹೇಳಲಿ. ಅಜ್ಜಿಯ ಪ್ಯಾರಾ ನನ್ನ ಹತ್ತಿರ ಇನ್ನೂ ಇದೆ. ಅವರನ್ನು ಕೇಳಿಯೇ ಇಟ್ಟುಕೊಂಡಿದ್ದೇನೆ. ಬೇಕಿದ್ದರೆ ಹೇಳಿ, ಕಳಿಸುತ್ತೇನೆ.