ಹಳೆಮನೆಗೆ ಹೊಸ ವೈರಿಂಗ್: ಪರ್ಮಿಷನ್ ಬೇಕಾ, ಬೇಡವಾ?

ಭಾವ, ನಿಮ್ಮ ಪ್ರಶ್ನೆ ಓದಿದೆ. ಶಿರಸಿ ಹತ್ತಿರದ ಹಂಚಿನ ಮನೆ. ಹಿಂದೆ ಎರಡು ಕೋಣೆ ಕೂಡಿಸುತ್ತಿದ್ದೀರಿ. ಒಂದಕ್ಕೆ ಎಸಿ, ಬಚ್ಚಲಿಗೆ ಗೀಸರ್, ಬಾವಿಗೆ 2 ಎಚ್‌ಪಿ ಮೋಟಾರು. ವೈರಿಂಗಿನ ಹುಡುಗ 'ಪರ್ಮಿಷನ್ ಗಿರ್ಮಿಷನ್ ಏನೂ ಬೇಡ' ಎಂದಿದ್ದಾನೆ. ಮೇಲಿನ ಕಾಮೆಂಟಿನಲ್ಲಿ ಒಬ್ಬರು, ಅಮೆರಿಕದಲ್ಲಿ ತಮ್ಮ ಮಗ ಮೇನ್ ಪ್ಯಾನೆಲ್ ಬದಲಿಸಲು ಪರ್ಮಿಟ್ ತೆಗೆಸಿದ ಕತೆ ಹೇಳಿ ಹೆದರಿಸಿದ್ದಾರೆ. ಇಬ್ಬರದ್ದೂ ಅರ್ಧ ಸರಿ.

ಅಮೆರಿಕದಲ್ಲಿ ಊರಿನ ಆಫೀಸು ಪರ್ಮಿಟ್ ಕೊಡುತ್ತದೆ, ಕೆಲಸ ಆದ ಮೇಲೆ ಇನ್ಸ್‌ಪೆಕ್ಟರ್ ಬಂದು ನೋಡುತ್ತಾನೆ. ಹಲವು ಕಡೆ ಮಾಲೀಕನೇ ಪರ್ಮಿಟ್ ತೆಗೆಸಿ ತನ್ನ ಮನೆಯ ವೈರಿಂಗ್ ತಾನೇ ಮಾಡಬಹುದು. ನಮ್ಮಲ್ಲಿ ಲೆಕ್ಕ ಬೇರೆ. ಮನೆ ವೈರಿಂಗಿಗೆ ಅಂತ ಪಂಚಾಯ್ತಿ ಒಂದು ಚೀಟಿ ಕೊಡುವುದಿಲ್ಲ. ನಮ್ಮ ಕಾನೂನು ಕೇಳುವುದು 'ಕೆಲಸ ಮಾಡಿದ್ದು ಯಾರು' ಎಂದು. 1956ರ ವಿದ್ಯುತ್ ನಿಯಮಗಳಲ್ಲಿ 45ನೇ ನಿಯಮ ಇದೇ ಆಗಿತ್ತು. ಆಮೇಲೆ 2010ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ಸುರಕ್ಷತಾ ನಿಯಮಗಳಲ್ಲೂ ತಿರುಳು ಅದೇ. ಹೊಸ ವೈರಿಂಗ್, ಇದ್ದದ್ದಕ್ಕೆ ಸೇರಿಸುವುದು, ಬದಲಿಸುವುದು, ರಿಪೇರಿ, ಎಲ್ಲವನ್ನೂ ಲೈಸೆನ್ಸ್ ಇದ್ದ ಕಂಟ್ರಾಕ್ಟರೇ ಮಾಡಿಸಬೇಕು. ಸರ್ಟಿಫಿಕೇಟ್ ಇದ್ದ ಸೂಪರ್‌ವೈಸರ್ ನಿಂತು ನೋಡಬೇಕು, ಕೈ ಹಾಕುವವನ ಹತ್ತಿರ ವೈರ್‌ಮನ್ ಪರ್ಮಿಟ್ ಇರಬೇಕು.

ಹಾಗಾದರೆ ಬಲ್ಬ್ ಹಾಕಲೂ ಕಂಟ್ರಾಕ್ಟರ್ ಬೇಕಾ? ಬೇಡ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್, 250 ವೋಲ್ಟ್ ಒಳಗಿನ ಮನೆ ಉಪಕರಣ, ಇವನ್ನು ಇದ್ದ ಜಾಗದಲ್ಲೇ ಬದಲಿಸಿಕೊಳ್ಳಬಹುದು. ವೈರಿಂಗಿನ ಸಾಮರ್ಥ್ಯ, ಸ್ವಭಾವ ಬದಲಾಗಬಾರದು, ಅಷ್ಟೇ. ಹಾಳಾದ ಸ್ವಿಚ್ ತೆಗೆದು ಅಂಥದ್ದೇ ಹಾಕಿದರೆ ತೊಂದರೆ ಇಲ್ಲ. ಅದೇ ಬೋರ್ಡಿಂದ ಗೀಸರಿಗೆ ಹೊಸ ಲೈನ್ ಎಳೆದರೆ ಅದು ಕಂಟ್ರಾಕ್ಟರ್ ಕೆಲಸ.

ಕುಮಟಾದಲ್ಲಿ ನಮ್ಮ ಮಾವನ ಮನೆಯಲ್ಲಿ ವೈರಿಂಗ್ ಮುಟ್ಟದೆಯೇ ವೈರಿಂಗ್ ಕೆಟ್ಟಿತ್ತು! ಹಿಂದಿನ ಕಾಲದ ಯಾರೋ ಇಡೀ ಮನೆಯ ಅರ್ತಿಂಗನ್ನು (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರನ್ನು) ನೀರಿನ ಕಬ್ಬಿಣದ ಪೈಪಿಗೆ ಕಟ್ಟಿಬಿಟ್ಟಿದ್ದರು. ಅದು ಎಷ್ಟೋ ವರ್ಷ ಹೇಗೋ ನಡೆಯಿತು. ಪೈಪು ತುಕ್ಕು ತಿಂದಿತು, ಪ್ಲಂಬರ್ ಬಂದು ಪಿವಿಸಿ ಹಾಕಿ ಹೋದ. ಅವನ ತಪ್ಪೇನಿಲ್ಲ, ಆದರೆ ಅರ್ತ್ ಅಲ್ಲಿಗೆ ಮುಗಿಯಿತು. ಆ ಆಷಾಢದಲ್ಲಿ ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಅತ್ತೆ ಎರಡು ವಾರ 'ವಾಯು' ಅಂತ ಕಷಾಯ ಕುಡಿದರು.

ಅದಕ್ಕೇ ಹೇಳುವುದು, ನಿಮ್ಮ ಮನೆಯಲ್ಲೂ ಮೊದಲು ಅರ್ತಿಂಗ್ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಹುಡುಕಿ. ನಮ್ಮ ಚಿರೆಕಲ್ಲು ನೆಲ ಏಪ್ರಿಲ್ ಹೊತ್ತಿಗೆ ಒಣಗಿ ನಿಲ್ಲುತ್ತದೆ, ಕರೆಂಟು ಸರಿಯಾಗಿ ನೆಲಕ್ಕೆ ಇಳಿಯುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ, ವರ್ಷವಿಡೀ ತೇವ ಇರುವಲ್ಲಿ ಅರ್ತ್ ಗುಂಡಿ ತೋಡಿಸಿ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಹಾಕಿಸಿ. ಲೋಡ್ ಹೆಚ್ಚಾದರೆ ಬೀಳುವ ಎಂಸಿಬಿ ಸ್ವಿಚ್ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ.

ಇನ್ನು ನಮ್ಮ ಕಡೆ ಕರೆಂಟು ಕೊಡುವ ಕಂಪನಿ ಹೆಸ್ಕಾಂ ವಿಷಯ. ನಿಮಗೆ ನಿಜವಾಗಿ 'ಪರ್ಮಿಷನ್' ಬೇಕಾಗುವುದು ಇಲ್ಲಿ. ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೆಮನೆಗಳಲ್ಲಿ ಸಾಮಾನ್ಯವಾಗಿ 1 ಅಥವಾ 2 ಕಿಲೋವ್ಯಾಟ್ ಇರುತ್ತದೆ. ನಿಮ್ಮ ಹೊಸ ಲೆಕ್ಕ ಹಾಕೋಣ. ಮೋಟಾರು ಸುಮಾರು ಒಂದೂವರೆ ಕಿಲೋವ್ಯಾಟ್, ಗೀಸರ್ 2, ಒಂದೂವರೆ ಟನ್ನಿನ ಎಸಿ ಮತ್ತೆ ಒಂದೂವರೆ. ಲೈಟು, ಫ್ಯಾನು, ಮಿಕ್ಸಿ, ಫ್ರಿಜ್ಜು ಬಿಟ್ಟೇ 5 ಆಯಿತು. ಲೋಡ್ ಹೆಚ್ಚಿಸಲು ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಲೇಬೇಕು. ಆರ್‌ಆರ್ ನಂಬರು, ಹಿಂದಿನ ಬಿಲ್ಲು, ಮನೆ ದಾಖಲೆ, ಕಂಟ್ರಾಕ್ಟರ್ ಸಹಿ ಹಾಕಿದ ವೈರಿಂಗ್ ವರದಿ ಕೇಳುತ್ತಾರೆ. ಹೆಚ್ಚಾದ ಲೋಡಿಗೆ ಠೇವಣಿ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಲೋಡ್ ಏರಿಸಿದರೆ ಗೃಹಜ್ಯೋತಿ ಹೋಗುತ್ತದೆ ಅಂತ ಇಲ್ಲೇ ಯಾರೋ ಬರೆದಿದ್ದರು. ಅದು ಯೂನಿಟ್ ಲೆಕ್ಕದ ಯೋಜನೆ, ಲೋಡ್ ಲೆಕ್ಕದ್ದಲ್ಲ. ಎಸಿ ಹಾಕಿ 200 ಯೂನಿಟ್ ದಾಟಿದರೆ ಮಾತ್ರ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ.

ಕಂಟ್ರಾಕ್ಟರ್ ಬಗ್ಗೆ ಒಂದು ಮಾತು. ಮನೆ ಕಡೆ ತಲೆಯನ್ನೂ ಹಾಕದೆ ಬರೀ ಸಹಿಗೆ ದುಡ್ಡು ತೆಗೆದುಕೊಳ್ಳುವವರು ಇದ್ದಾರೆ. ಅದು ಬೇಡ ಭಾವ. ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಲೈಸೆನ್ಸ್ ತೋರಿಸಿ ಎನ್ನಿ, ಅವಧಿ ಮುಗಿದಿಲ್ಲ ತಾನೇ ಎಂದೂ ನೋಡಿ. ಮೆಗ್ಗರ್ ಟೆಸ್ಟ್, ಅಂದರೆ ವೈರಿನಿಂದ ಕರೆಂಟು ಸೋರುತ್ತದಾ ಎಂದು ಅಳೆಯುವುದು, ನಿಮ್ಮ ಎದುರೇ ಆಗಲಿ. 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಮಾರ್ಚಿನಲ್ಲಿ ಎಲ್ಲರ ಮನೆಯಲ್ಲೂ ಬರುತ್ತದೆ ಬಿಡಿ. ಗೋಡೆ ನೆನೆದು ನಿಂತ ಜುಲೈಯಲ್ಲಿ ಇನ್ನೊಮ್ಮೆ ಮಾಡಿಸಿ, ಆಗ ನಿಜ ಗೊತ್ತಾಗುತ್ತದೆ. ಅಟ್ಟದ ಮೇಲೆ ಮರದ ಪಟ್ಟಿಯಲ್ಲಿ ಓಡಿದ ಹಳೇ ರಬ್ಬರ್ ವೈರು ಇನ್ನೂ ಇದ್ದರೆ ಅದಕ್ಕೆ ಹೊಸದನ್ನು ಜೋಡಿಸಲೇ ಬೇಡಿ. ಅರ್ಧ ರಬ್ಬರು ಉದುರಿರುತ್ತದೆ, ಉಳಿದದ್ದನ್ನು ಇಲಿ ತಿಂದಿರುತ್ತದೆ.

ಕಂಬದಿಂದ ಮೀಟರಿನವರೆಗೆ ಏನನ್ನೂ ಮುಟ್ಟಬೇಡಿ. ಆ ಸೀಲು ನಿಮ್ಮದಲ್ಲ. ಹೊಸ ಕೋಣೆಯ ಮಾಡು ಎದ್ದರೆ ಸರ್ವಿಸ್ ವೈರು ಅಡ್ಡ ಬರುತ್ತದಾ? ಅದನ್ನು ಸರಿಸಲೂ ಅವರಿಗೇ ಅರ್ಜಿ. ಹತ್ತಿರ 11 ಕೆವಿ ಲೈನ್ ಇದ್ದರೆ ಗೋಡೆ ಕಟ್ಟುವ ಮೊದಲೇ ಟೇಪ್ ಹಿಡಿಯಿರಿ. ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕು. ಮನೆಗೆ ಬರುವ ಸಾಧಾರಣ ಲೈನಿಗೆ ಪಕ್ಕದ ಅಂತರ ಅಷ್ಟೇ, ಮೇಲೆ 2.5 ಮೀಟರ್.

ತೋಟದ ಐಪಿ ಸೆಟ್ (ನೀರಾವರಿ ಪಂಪು) ಲೈನಿಂದ ಮನೆಗೊಂದು ವೈರು ಎಳೆದುಕೊಳ್ಳುವ ಉಪಾಯವನ್ನೂ ನೀವು ಕೇಳಿದ್ದೀರಿ. ಬೇಡವೇ ಬೇಡ. ಮಂಜೂರಾದದ್ದು ಒಂದಕ್ಕೆ, ಬಳಸುವುದು ಇನ್ನೊಂದಕ್ಕೆ ಎಂದಾದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದುಪ್ಪಟ್ಟು ದರ ಹಾಕುತ್ತಾರೆ. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟು ಕೊಡುವುದಂತೂ ಕೊಲೆಗೆ ಸಮ, ಅದರ ಸುದ್ದಿಯೇ ಬೇಡ.

ಜನರೇಟರ್ ತರುವ ಯೋಚನೆ ಇದ್ದರೆ ಚೇಂಜ್‌ಓವರ್ ಸ್ವಿಚ್ (ಹೆಸ್ಕಾಂ ಲೈನ್ ಅಥವಾ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಚಾಲೂ ಮಾಡಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಜನರೇಟರನ್ನು ಪ್ಲಗ್ಗಿಗೆ ಚುಚ್ಚಿ ಮನೆಯೆಲ್ಲ ಬೆಳಗಿಸುವವರನ್ನು ನೋಡಿದ್ದೇನೆ. ಆ 230 ವೋಲ್ಟ್ ಮೀಟರಿಂದ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗಿ 11,000 ವೋಲ್ಟ್ ಆಗಬಹುದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ಅದು ಸಿಗುತ್ತದೆ. ಚಾವಣಿ ಮೇಲೆ ಸೋಲಾರ್ ಹಾಕಿ ಗ್ರಿಡ್ಡಿಗೆ ಕೊಡುವುದಾದರೂ ಅಷ್ಟೇ, ಮೊದಲು ಹೆಸ್ಕಾಂ ಒಪ್ಪಿಗೆ, ಆಮೇಲೆ ಪ್ಯಾನೆಲ್.

ಪರಿವೀಕ್ಷಣಾಲಯದವರೇ ಬಂದು ನೋಡಬೇಕಾದದ್ದು ಲಿಫ್ಟು, 15 ಮೀಟರಿಗಿಂತ ಎತ್ತರದ ಕಟ್ಟಡ, ಇಂಥವಕ್ಕೆ. ನಿಮ್ಮ ಹಂಚಿನ ಮನೆಗೆ ಅದು ಬರುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಮೇನ್ ಬೋರ್ಡಿನ ಫೋಟೋ ಮತ್ತು ಬಿಲ್ಲಿನ ಲೋಡ್ ಇರುವ ಭಾಗ ಇಲ್ಲಿ ಹಾಕಿ. ಆರ್‌ಆರ್ ನಂಬರು ಮುಚ್ಚಿಬಿಡಿ. ಬೋರ್ಡಿನ ಮುಚ್ಚಳ ಮಾತ್ರ ಬಿಚ್ಚಲು ಹೋಗಬೇಡಿ, ಹೊರಗಿಂದ ಕಂಡಷ್ಟು ಸಾಕು.