ಗೇಮ್ ಸ್ಟುಡಿಯೊಗಳನ್ನೆಲ್ಲ ಕೊಳ್ಳುತ್ತಿರುವ ಕಂಪನಿಯ ಕನ್ಸೋಲ್‌ಗೆ ಬದಲಾಯಿಸಲಾ?

ಬೇಡ. ನಿಮ್ಮ ಪ್ಲೇಸ್ಟೇಷನ್ ಮಾರಬೇಡಿ. ಮೈಕ್ರೋಸಾಫ್ಟ್ ಇಷ್ಟೊಂದು ಸ್ಟುಡಿಯೊ ಕೊಂಡಿದೆ, ಮುಂದೆ ದೊಡ್ಡ ಗೇಮ್‌ಗಳೆಲ್ಲ ಅದರ ಎಕ್ಸ್‌ಬಾಕ್ಸ್‌ನಲ್ಲೇ ಇರುತ್ತವೆ, ಈಗಲೇ ಆ ಕಡೆ ಹೋಗಿಬಿಡಲಾ ಅಂತ ಕೇಳಿದ್ದೀರಿ. 2020ರ ಕೊನೆಯಲ್ಲಿ ಇದೇ ಲೆಕ್ಕ ಹಾಕಿ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಮಾರಿದವನು ನಾನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಎರಡೂ ಕಡೆಯ ಲಾಭ ನಷ್ಟ ತೂಗುವ ತಾಳ್ಮೆಯಂತೂ ನನಗಿಲ್ಲ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಸುದ್ದಿ ಬಂತು. ಗೇಮ್ ಕಂಪನಿ ಬೆಥೆಸ್ಡಾದ ಒಡೆಯ ಝೆನಿಮ್ಯಾಕ್ಸನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಳ್ಳುತ್ತದಂತೆ. ಹೊಸ ಕನ್ಸೋಲ್‌ಗಳು ಬರಲು ಎರಡು ತಿಂಗಳೂ ಇರಲಿಲ್ಲ. ನಾನೋ, ಅವರ ಸ್ಕೈರಿಮ್, ಫಾಲೌಟ್ 4, ಡಿಸ್‌ಆನರ್ಡ್ ಅಂತ ರಾತ್ರಿಗಟ್ಟಲೆ ಕೂತವನು. ನನಗಿಷ್ಟದ ಗೇಮ್ ಮಾಡುವವರೆಲ್ಲ ಒಂದೇ ಏಟಿಗೆ ಒಂದೇ ಮನೆ ಸೇರಿಬಿಟ್ಟರು ಅನ್ನಿಸಿತು. ಕೂತು ಪಟ್ಟಿ ಮಾಡಿದೆ: ಒಂದು ಕಡೆ ಸೋನಿಯ ಸ್ಟುಡಿಯೊಗಳು, ಇನ್ನೊಂದು ಕಡೆ ಮೈಕ್ರೋಸಾಫ್ಟ್‌ನವು. ಯಾರ ಪಟ್ಟಿ ಉದ್ದವೋ ಅವರೇ ಗೆಲ್ಲುತ್ತಾರೆ. ಅಷ್ಟೇ, ಸಂಶೋಧನೆ ಮುಗೀತು. ಪಿಎಸ್4 ಅನ್ನು ಡಿಸ್ಕ್‌ಗಳ ಸಮೇತ ಮಾರಿದೆ, ಪಿಎಸ್5ಗೆ ಅಂತ ಇಟ್ಟಿದ್ದ ದುಡ್ಡಿಗೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ತಗೊಂಡೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಕಾಲಿಡುತ್ತಿದ್ದೀರಿ. ಸ್ಟುಡಿಯೊ ಮಾರಾಟವಾದ ತಕ್ಷಣ ಅದರ ಗೇಮ್‌ಗಳು ಬೇರೆ ಮೆಷಿನ್‌ಗೆ ಹೋಗುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ಹಾಗೆ ಯಾರೂ ನನಗೆ ಹೇಳಿರಲಿಲ್ಲ. ಒಡೆಯ ಬದಲಾದರೂ ಹಳೆಯ ಕರಾರು ಬದಲಾಗುವುದಿಲ್ಲ ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ. ಡೆತ್‌ಲೂಪ್, ಘೋಸ್ಟ್‌ವೈರ್ ಟೋಕಿಯೊ ಎರಡೂ ಬೆಥೆಸ್ಡಾದವು. ಎರಡಕ್ಕೂ ಸೋನಿ ಜೊತೆ ಮೊದಲೇ ಒಪ್ಪಂದ ಆಗಿತ್ತು. ಡೆತ್‌ಲೂಪ್ 2021ರ ಸೆಪ್ಟೆಂಬರ್‌ನಲ್ಲಿ ಪಿಎಸ್5 ಮತ್ತು ಪಿಸಿಗೆ ಬಂತು, ಎಕ್ಸ್‌ಬಾಕ್ಸ್‌ಗೆ ಬಂದದ್ದು ಒಂದು ವರ್ಷ ಆದ ಮೇಲೆ. ಘೋಸ್ಟ್‌ವೈರ್ 2022ರ ಮಾರ್ಚ್‌ನಲ್ಲಿ ಪಿಎಸ್5ಗೆ, 2023ರ ಏಪ್ರಿಲ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ. ಅಂದರೆ ಡಿಸ್‌ಆನರ್ಡ್ ಮಾಡಿದ ಜನರ ಹೊಸ ಗೇಮ್ ಆಡಬೇಕು ಅಂತ ಮೆಷಿನ್ ಬದಲಾಯಿಸಿದ ನಾನು, ಆ ಹೊಸ ಗೇಮ್ ಡೆತ್‌ಲೂಪ್ ನಾನು ಬೇಡ ಅಂತ ಬಿಟ್ಟ ಮೆಷಿನ್‌ನಲ್ಲಿ ಓಡುವುದನ್ನು ವಿಡಿಯೊದಲ್ಲಿ ನೋಡುತ್ತಾ ಕೂತಿದ್ದೆ, ಅದೂ ಅಷ್ಟೊತ್ತಿಗೆ ಆ ಸ್ಟುಡಿಯೊ ಮೈಕ್ರೋಸಾಫ್ಟ್‌ನದೇ ಆಗಿತ್ತು.

ಇನ್ನು ನಾನು ಕಾಯುತ್ತಿದ್ದ ದೊಡ್ಡದು, ಸ್ಟಾರ್‌ಫೀಲ್ಡ್. ಹೌದು, ಅದು ಬಂದಾಗ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಮಾತ್ರ ಬಂತು. ಬಂದದ್ದು ಯಾವಾಗ? 2023ರ ಸೆಪ್ಟೆಂಬರ್. ಒಂದು ದೊಡ್ಡ ಗೇಮ್ ಮಾಡಲು ನಾಲ್ಕೈದು ವರ್ಷ ಸುಮ್ನೆ ಹೋಗುತ್ತದೆ. ಇವತ್ತು ಸ್ಟುಡಿಯೊ ಕೊಂಡರೆ ಫಲ ಸಿಗೋದು ಕನ್ಸೋಲ್‌ನ ಅರ್ಧ ಆಯುಷ್ಯ ಕಳೆದ ಮೇಲೆ. ಎಲ್ಡರ್ ಸ್ಕ್ರೋಲ್ಸ್‌ನ ಮುಂದಿನ ಭಾಗದ ಟೀಸರ್ 2018ರಲ್ಲೇ ಬಿಟ್ಟಿದ್ದರು, ನಾನು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡಿದ್ದೆ! ಕಣ್ಣೆದುರು ಇರುವ ಗೇಮ್ ಬಿಟ್ಟು, ಇನ್ನೂ ಹುಟ್ಟದ ಗೇಮ್‌ಗೆ ಮೆಷಿನ್ ಕೊಂಡ ಹಾಗಾಯಿತು.

ಅದಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಡಿಜಿಟಲ್ ಲೈಬ್ರರಿಯಿಂದ. ಡಿಸ್ಕ್ ಮಾರಬಹುದು. ಸ್ಟೋರ್‌ನಲ್ಲಿ ಕೊಂಡ ಗೇಮ್ ಅಕೌಂಟ್‌ಗೆ ಅಂಟಿಕೊಂಡಿರುತ್ತದೆ, ಅದಕ್ಕೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ಸೇಲ್ ಬಂದಾಗಲೆಲ್ಲ ಚೂರುಚೂರು ಸೇರಿಸಿದ್ದ ನನ್ನ ಲೈಬ್ರರಿ ಅಲ್ಲೇ ಉಳಿಯಿತು, ಸೇವ್ ಫೈಲ್‌ಗಳೂ ಅಲ್ಲೇ. ಪಿಎಸ್5 ತಗೊಂಡಿದ್ದರೆ ಹೆಚ್ಚೂಕಡಿಮೆ ಎಲ್ಲ ಪಿಎಸ್4 ಗೇಮ್‌ಗಳೂ ಅದರಲ್ಲಿ ಓಡುತ್ತಿದ್ದವು. ಎಕ್ಸ್‌ಬಾಕ್ಸ್ ಕೂಡ ತನ್ನ ಹಳೆಯ ಗೇಮ್‌ಗಳನ್ನು ಚೆನ್ನಾಗಿಯೇ ಓಡಿಸುತ್ತದೆ, ಆದರೆ ನನ್ನ ಹತ್ತಿರ ಅದರ ಹಳೆಯ ಗೇಮ್ ಒಂದೂ ಇರಲಿಲ್ಲವಲ್ಲ. ಎಕ್ಸ್‌ಬಾಕ್ಸ್‌ನ ತಿಂಗಳ ಚಂದಾ ಸೇವೆ ಗೇಮ್ ಪಾಸ್ ಇತ್ತು, ನಿಜ, ಆಡಲು ಬೇಕಾದಷ್ಟು ಸಿಕ್ಕಿತು. ಆದರೆ ಅದು ಬಾಡಿಗೆ. ಇಲ್ಲಿ ತಪ್ಪು ಯಾವ ಕಂಪನಿಯದೂ ಅಲ್ಲ, ನಿಯಮ ಮೊದಲಿಂದ ಹಾಗೇ ಇತ್ತು, ನಾನು ಯೋಚಿಸಲಿಲ್ಲ ಅಷ್ಟೇ. ಗೆಳೆಯರ ಗುಂಪಿನ ಕತೆ ಬೇರೆ. ಎಲ್ಲರೂ ಪ್ಲೇಸ್ಟೇಷನ್‌ನಲ್ಲಿ ಡೆಸ್ಟಿನಿ 2 ಆಡುತ್ತಿದ್ದರು. ಅದಕ್ಕೆ ಕ್ರಾಸ್‌ಪ್ಲೇ, ಅಂದರೆ ಬೇರೆ ಬೇರೆ ಮೆಷಿನ್‌ನವರು ಒಟ್ಟಿಗೆ ಆಡುವ ಸೌಲಭ್ಯ, ಬಂದದ್ದು 2021ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ನಾನು ಒಬ್ಬನೇ.

ಡೆಸ್ಟಿನಿ ಅಂದಾಗ ನೆನಪಾಯಿತು, ಅದನ್ನು ಮಾಡಿದ ಬಂಜಿ ಅನ್ನುವ ಆ ಒಂದು ಸ್ಟುಡಿಯೊದ ಚರಿತ್ರೆ ನೋಡಿದರೆ ಈ ಕೊಳ್ಳುವ ಆಟವೇ ಅರ್ಥ ಆಗುತ್ತದೆ. ಅವರು ಹೇಲೊ ಗೇಮನ್ನು 1999ರಲ್ಲಿ ಮೊದಲು ತೋರಿಸಿದ್ದು ಆಪಲ್‌ನ ಕಾರ್ಯಕ್ರಮದಲ್ಲಿ, ಮ್ಯಾಕ್‌ಗೆ ಅಂತ. 2000ದಲ್ಲಿ ಮೈಕ್ರೋಸಾಫ್ಟ್ ಅವರನ್ನು ಕೊಂಡಿತು, 2001ರಲ್ಲಿ ಹೇಲೊ ಮೊದಲ ಎಕ್ಸ್‌ಬಾಕ್ಸ್ ಜೊತೆಗೇ ಬಂತು. ಆಗ ಅದು ನಿಜವಾಗಲೂ ಕೆಲಸ ಮಾಡಿತು, ಯಾಕೆಂದರೆ ಆ ಮೆಷಿನ್ ಹೊಸದು, ಕೊಳ್ಳಲು ಒಂದು ನೆಪ ಬೇಕಿತ್ತು, ಮತ್ತು ಆಗಿನ ಜನರಿಗೆ ಬಿಟ್ಟುಬರಲಾಗದ ಡಿಜಿಟಲ್ ಲೈಬ್ರರಿ ಅನ್ನೋದೇ ಇರಲಿಲ್ಲ. 2007ರಲ್ಲಿ ಬಂಜಿ ಮೈಕ್ರೋಸಾಫ್ಟ್‌ನಿಂದ ಹೊರಬಂತು. ಹೇಲೊ ಮಾತ್ರ ಮೈಕ್ರೋಸಾಫ್ಟ್ ಹತ್ತಿರವೇ ಉಳಿಯಿತು. 2022ರಲ್ಲಿ ಸೋನಿ 360 ಕೋಟಿ ಡಾಲರ್ ಕೊಟ್ಟು ಅದೇ ಬಂಜಿಯನ್ನು ಕೊಂಡಿತು, ಆದರೆ ಡೆಸ್ಟಿನಿ 2 ಎಕ್ಸ್‌ಬಾಕ್ಸ್‌ನಿಂದ ಎಲ್ಲೂ ಹೋಗಲಿಲ್ಲ. ಅಷ್ಟು ದುಡ್ಡು ಕೊಟ್ಟವರೇ ಎದುರಾಳಿಯ ಮೆಷಿನ್‌ನಲ್ಲಿ ಗೇಮ್ ಬಿಟ್ಟುಕೊಂಡಿದ್ದಾರೆ. ಯಾಕಿರಬಹುದು?

ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ. ಕನ್ಸೋಲ್ ಪೆಟ್ಟಿಗೆಯಲ್ಲಿ ಅಂಥ ಲಾಭ ಇಲ್ಲ. ಎಕ್ಸ್‌ಬಾಕ್ಸನ್ನು ತಾವು ಲಾಭಕ್ಕೆ ಮಾರಿದ್ದೇ ಇಲ್ಲ ಅಂತ 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಕೇಸಿನಲ್ಲಿ ಮೈಕ್ರೋಸಾಫ್ಟ್‌ನವರೇ ಸಾಕ್ಷಿ ಹೇಳಿದರು. ಲಾಭ ಇರುವುದು ಸ್ಟೋರ್‌ನಲ್ಲಿ, ಬೇರೆಯವರ ಗೇಮ್ ಮಾರಿದಾಗ ಸಿಗುವ ಸುಮಾರು ಶೇ 30 ಪಾಲಿನಲ್ಲಿ, ಸಬ್‌ಸ್ಕ್ರಿಪ್ಷನ್‌ನಲ್ಲಿ. ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಮೆಷಿನ್‌ಗೆ ಸಿಗುವ ಗೇಮ್, ಅನ್ನೋದು ನಿಮ್ಮನ್ನು ಆ ಅಂಗಡಿಯ ಒಳಗೆ ಕರೆಯುವ ಉಪಾಯ. ಈಗಾಗಲೇ ಎಲ್ಲ ಮೆಷಿನ್‌ನಲ್ಲೂ ಮಾರಾಟ ಆಗುತ್ತಿರುವ ದೊಡ್ಡ ಪಬ್ಲಿಷರ್ ಕೊಂಡಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಅದರ ಬೆಲೆ ನಿಂತಿರುವುದೇ ಎಲ್ಲ ಕಡೆಯ ಮಾರಾಟದ ಮೇಲೆ. ಅಷ್ಟು ಕೊಟ್ಟು ಕೊಂಡು, ಆಮೇಲೆ ಒಂದು ಕಡೆಯ ಬಾಗಿಲು ಮುಚ್ಚಿದರೆ, ಜನ ತುಂಬಿ ತುಳುಕುವ ಹೋಟೆಲ್ ಕೊಂಡು ಅರ್ಧ ಗಿರಾಕಿಗಳನ್ನು ಹೊರಗೆ ಹಾಕಿದ ಹಾಗೆ.

ಕಾಲ್ ಆಫ್ ಡ್ಯೂಟಿಯ ಒಡೆಯ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನು ಮೈಕ್ರೋಸಾಫ್ಟ್ ಕೊಂಡ ವ್ಯವಹಾರದಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. 2022ರ ಜನವರಿಯಲ್ಲಿ ಘೋಷಣೆ, 6,870 ಕೋಟಿ ಡಾಲರ್. ವ್ಯಾಪಾರದ ಸ್ಪರ್ಧೆ ಕಾಯುವ ಅಮೆರಿಕದ ಸಂಸ್ಥೆ ಎಫ್‌ಟಿಸಿ ಕೋರ್ಟಿಗೆ ಹೋಯಿತು, ತಡೆ ಸಿಗಲಿಲ್ಲ. ಬ್ರಿಟನ್ನಿನ ಅಂಥದೇ ಸಂಸ್ಥೆ ಸಿಎಂಎ ಮೊದಲು ಬೇಡ ಅಂದಿತು. ಅವರ ಮುಖ್ಯ ತಕರಾರು ಇದ್ದದ್ದು ಕನ್ಸೋಲ್ ಬಗ್ಗೆ ಅಲ್ಲ, ಇಂಟರ್ನೆಟ್ ಮೂಲಕ ದೂರದ ಸರ್ವರ್‌ನಿಂದ ಆಡುವ ಕ್ಲೌಡ್ ಗೇಮಿಂಗ್ ಬಗ್ಗೆ. ಕ್ಲೌಡ್ ಹಕ್ಕುಗಳನ್ನು ಇನ್ನೊಂದು ಗೇಮ್ ಕಂಪನಿ ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟ ಮೇಲೆ ಒಪ್ಪಿದರು. 2023ರ ಅಕ್ಟೋಬರ್‌ನಲ್ಲಿ ವ್ಯವಹಾರ ಮುಗಿಯಿತು. ಅದಕ್ಕೆ ಮೊದಲೇ, ಕಾಲ್ ಆಫ್ ಡ್ಯೂಟಿ 10 ವರ್ಷ ಪ್ಲೇಸ್ಟೇಷನ್‌ನಲ್ಲೂ ಇರುತ್ತದೆ ಅಂತ ಸೋನಿ ಜೊತೆ ಸಹಿ ಆಗಿತ್ತು. ಕಾಲ್ ಆಫ್ ಡ್ಯೂಟಿ ಕೈತಪ್ಪುತ್ತದೆ ಅನ್ನೋ ಹೆದರಿಕೆಗೇ ನೀವು ಮೆಷಿನ್ ಬದಲಾಯಿಸುತ್ತಿದ್ದರೆ, ಆ ಹೆದರಿಕೆಗೆ ಕಾರಣ ಇಲ್ಲ.

ನನ್ನ ಪಟ್ಟಿಯ ಗತಿ ಏನಾಯಿತು ಅಂತನೂ ಹೇಳಿಬಿಡುತ್ತೇನೆ. 2024ರ ಮೇ ತಿಂಗಳಲ್ಲಿ ಬೆಥೆಸ್ಡಾ ಗುಂಪಿನ ಸ್ಟುಡಿಯೊ ಅರ್ಕೇನ್ ಆಸ್ಟಿನ್ ಮುಚ್ಚುವ ಘೋಷಣೆ ಬಂತು, ಜೊತೆಗೆ ಹೈ-ಫೈ ರಶ್ ಮಾಡಿ ಎಲ್ಲರಿಂದ ಹೊಗಳಿಸಿಕೊಂಡಿದ್ದ ಟ್ಯಾಂಗೊ ಗೇಮ್‌ವರ್ಕ್ಸ್ ಕೂಡ. ಟ್ಯಾಂಗೊವನ್ನು ಆಮೇಲೆ ಕ್ರಾಫ್ಟನ್ ಅನ್ನುವ ಕಂಪನಿ ಕೊಂಡು ಉಳಿಸಿತು, ಅದು ಬೇರೆ ಮಾತು. ಸೋನಿ ಏನೂ ಸಾಚಾ ಅಲ್ಲ. 2023ರಲ್ಲಿ ಫೈರ್‌ವಾಕ್ ಸ್ಟುಡಿಯೊ ಕೊಂಡಿತು, 2024ರ ಆಗಸ್ಟ್‌ನಲ್ಲಿ ಅವರ ಕಾಂಕಾರ್ಡ್ ಬಂತು, ಎರಡು ವಾರದಲ್ಲಿ ಅದನ್ನು ಮಾರಾಟದಿಂದ ತೆಗೆದರು, ಅಕ್ಟೋಬರ್‌ನಲ್ಲಿ ಸ್ಟುಡಿಯೊಗೇ ಬೀಗ. ಪಟ್ಟಿ ಉದ್ದ ಇದ್ದರೆ ಗೇಮ್ ಜಾಸ್ತಿ ಅಂತ ಅಂದುಕೊಂಡಿದ್ದೆನಲ್ಲ! ಇನ್ನು ಉಳಿದ ಗೇಮ್‌ಗಳು: 2024ರಲ್ಲಿ ಹೈ-ಫೈ ರಶ್, ಸೀ ಆಫ್ ಥೀವ್ಸ್ ಪಿಎಸ್5ಗೆ ಹೋದವು. 2025ರಲ್ಲಿ ಬೆಥೆಸ್ಡಾದ ಇಂಡಿಯಾನಾ ಜೋನ್ಸ್ ಹೋಯಿತು, ಫೋರ್ಝಾ ಹೊರೈಜನ್ 5 ಹೋಯಿತು, ಗೇರ್ಸ್ ಆಫ್ ವಾರ್ ಹೋಯಿತು. ಡೂಮ್‌ನ ಹೊಸ ಭಾಗವಂತೂ ಎರಡೂ ಕಡೆ ಒಂದೇ ದಿನ. ಪಿಎಸ್4 ಇಟ್ಟುಕೊಂಡು ಪಿಎಸ್5ಗೆ ಹೋದ ನನ್ನ ಗೆಳೆಯರು ನಾನು ಆಡಿದ್ದರಲ್ಲಿ ಎಷ್ಟನ್ನೋ ಆಡಿದ್ದಾರೆ. ಅವರು ಆಡಿದ ಸ್ಪೈಡರ್‌ಮ್ಯಾನ್, ಗಾಡ್ ಆಫ್ ವಾರ್ ಮಾತ್ರ ನನ್ನ ಮೆಷಿನ್‌ಗೆ ಬರಲಿಲ್ಲ.

ಹಾಗಾದರೆ ಸ್ಟುಡಿಯೊ ಕೊಳ್ಳೋದು ಸುಮ್ನೆ ದಂಡವಾ? ಅಲ್ಲ. ಯಾವುದು ಕೆಲಸ ಮಾಡುತ್ತದೆ ಅಂತ ನೋಡಬೇಕು. ಸ್ಪೈಡರ್‌ಮ್ಯಾನ್ ಗೇಮ್ ಮಾಡಿದ ಇನ್‌ಸಾಮ್ನಿಯಾಕ್ ಅನ್ನು ಸೋನಿ ಕೊಂಡದ್ದು 2019ರಲ್ಲಿ, 22.9 ಕೋಟಿ ಡಾಲರ್‌ಗೆ. ಆಕ್ಟಿವಿಷನ್ ಪಕ್ಕ ಇಟ್ಟರೆ ಚಿಲ್ಲರೆ ದುಡ್ಡು. ಆದರೆ ಅದಕ್ಕೆ ಮೊದಲು 20 ವರ್ಷ ಅವರು ಹೆಚ್ಚಾಗಿ ಸೋನಿಯ ಮೆಷಿನ್‌ಗೇ ಗೇಮ್ ಮಾಡಿದ್ದರು, ನಡುವೆ ಎಕ್ಸ್‌ಬಾಕ್ಸ್ ಒನ್‌ಗೆ ಸನ್‌ಸೆಟ್ ಓವರ್‌ಡ್ರೈವ್ ಥರದ್ದು ಮಾಡಿದ್ದೂ ಉಂಟು. ಮೊದಲ ಸ್ಪೈಡರ್‌ಮ್ಯಾನ್ 2018ರಲ್ಲೇ ಬಂದು ಗೆದ್ದಿತ್ತು. ಒಟ್ಟಿಗೆ ಕೆಲಸ ಮಾಡಿ, ಒಬ್ಬರಿಗೊಬ್ಬರು ಗೊತ್ತಾಗಿ, ಆಮೇಲೆ ಕೊಂಡರು. ಅಲ್ಲಿ ಯಾರ ಗಿರಾಕಿಯೂ ಕಳೆದುಹೋಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಸ್ಪರ್ಧೆಯನ್ನು ನಿಜವಾಗಿ ಬದಲಾಯಿಸುವುದು ಇಂಥ ಸಣ್ಣ ಖರೀದಿಗಳು, ಪತ್ರಿಕೆಯ ಮುಖಪುಟಕ್ಕೆ ಬರುವ ದೊಡ್ಡವಲ್ಲ.

ಎಕ್ಸ್‌ಕ್ಲೂಸಿವ್ ಒಂದರಿಂದಲೇ ಮೆಷಿನ್ ಗೆಲ್ಲುತ್ತದೆ ಅನ್ನುವವರಿಗೆ ನಿಂಟೆಂಡೊ ತೋರಿಸಿ. ಮಾರಿಯೊ ಕಾರ್ಟ್ 8 ಮೊದಲು ಬಂದದ್ದು 2014ರಲ್ಲಿ ಅವರ ವೀ ಯು ಕನ್ಸೋಲ್ ಮೇಲೆ. ಅಷ್ಟು ಒಳ್ಳೆಯ ಗೇಮ್ ಇದ್ದೂ ಆ ಮೆಷಿನ್ ಒಟ್ಟು ಮಾರಾಟವಾದದ್ದು ಸುಮಾರು 1.35 ಕೋಟಿ. ಅದನ್ನೇ ಸ್ವಲ್ಪ ತಿದ್ದಿ 2017ರಲ್ಲಿ ಅವರ ಮುಂದಿನ ಕನ್ಸೋಲ್ ಸ್ವಿಚ್‌ಗೆ ತಂದರು, 6 ಕೋಟಿಗೂ ಜಾಸ್ತಿ ಪ್ರತಿ ಹೋಯಿತು. ಮೆಷಿನ್ ಜನರಿಗೆ ಹಿಡಿಸಬೇಕು, ಗೆಳೆಯರ ಹತ್ತಿರ ಇರಬೇಕು, ಆಮೇಲೆ ಎಕ್ಸ್‌ಕ್ಲೂಸಿವ್ ಕಾಡ್ಗಿಚ್ಚಿನಂತೆ ಹರಡುತ್ತದೆ.

ಆಗ ಎಕ್ಸ್‌ಬಾಕ್ಸ್ ವಿಭಾಗ ನಡೆಸುತ್ತಿದ್ದ ಫಿಲ್ ಸ್ಪೆನ್ಸರ್ 2023ರಲ್ಲಿ ಒಂದು ಸಂದರ್ಶನದಲ್ಲಿ ಇದನ್ನೇ ಒಪ್ಪಿಕೊಂಡರು. ಜನ ಡಿಜಿಟಲ್ ಲೈಬ್ರರಿ ಕಟ್ಟಿಕೊಂಡ ತಲೆಮಾರಿನಲ್ಲೇ ನಾವು ಸೋತೆವು, ಸ್ಟಾರ್‌ಫೀಲ್ಡ್ ಎಷ್ಟೇ ಅದ್ಭುತವಾಗಿ ಬಂದರೂ ಜನ ಪಿಎಸ್5 ಮಾರಿ ಬರುವುದಿಲ್ಲ ಅನ್ನುವ ಅರ್ಥದ ಮಾತು. ಅಯ್ಯೋ ಸ್ವಾಮಿ, ಇದನ್ನು ಮೂರು ವರ್ಷ ಮೊದಲು ಹೇಳಬಾರದಿತ್ತಾ ಅನ್ನಿಸಿತು.

ಆದ್ದರಿಂದ, ಯಾವ ಕಂಪನಿ ಗೆಲ್ಲುತ್ತದೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ಅವರ ಷೇರುದಾರರ ತಲೆನೋವು. ನಿಮ್ಮ ಅಕೌಂಟ್ ತೆರೆದು ಎಷ್ಟು ಗೇಮ್ ಕೊಂಡಿದ್ದೀರಿ ನೋಡಿ. ಜೊತೆಗೆ ಆಡುವವರು ಯಾವ ಮೆಷಿನ್‌ನಲ್ಲಿದ್ದಾರೆ ಕೇಳಿ. ಬದಲಾಯಿಸಲೇಬೇಕು ಅನ್ನಿಸಿದರೆ ಇವತ್ತು ಸ್ಟೋರ್‌ನಲ್ಲಿ ಇರುವ ಗೇಮ್ ಮಾತ್ರ ಎಣಿಸಿ, ಟ್ರೇಲರ್ ಎಣಿಸಬೇಡಿ, ಸ್ಟುಡಿಯೊ ಹೆಸರಂತೂ ಬೇಡವೇ ಬೇಡ. ಮಾರಿಯೊ, ಝೆಲ್ಡಾ ಬೇಕು ಅಂದರೆ ಮಾತ್ರ ಚರ್ಚೆಯಿಲ್ಲ, ನಿಂಟೆಂಡೊ ತಗೊಳ್ಳಿ, ಅವು ಬೇರೆ ಕನ್ಸೋಲ್‌ಗೆ ಬರುವ ಲಕ್ಷಣ ಎಲ್ಲೂ ಕಾಣುತ್ತಿಲ್ಲ. ಎಕ್ಸ್‌ಬಾಕ್ಸ್‌ನದು ಯಾವುದೋ ಒಂದು ಗೇಮ್ ಆಡದೆ ನಿದ್ದೆ ಬರುತ್ತಿಲ್ಲ ಅಂದರೆ, ಒಂದು ಸುಮಾರಾದ ಗೇಮಿಂಗ್ ಪಿಸಿ ಇದೆಯಾ ನೋಡಿ. ಅವರ ಹೊಸ ಗೇಮ್‌ಗಳೆಲ್ಲ ಅದೇ ದಿನ ಪಿಸಿಗೂ ಬರುತ್ತವೆ. ಒಂದು ತಿಂಗಳು ಗೇಮ್ ಪಾಸ್ ಹಾಕಿಸಿಕೊಂಡು ಆಡಿ ಮುಗಿಸಿ, ಪ್ಲೇಸ್ಟೇಷನ್ ಇದ್ದಲ್ಲೇ ಇರಲಿ.