ಮೊಬೈಲ್ ಸ್ಟಾರ್ಟರ್ ಬಂದ್ಮೇಲೆ ಹೊಟ್ಟೆ ಬಂತು ಅಂದವ್ರಿಗೆ

ಅಣ್ಣಾ ನಮಸ್ಕಾರ. ತೋಟಕ್ಕೆ ಡ್ರಿಪ್ ಎಳೆಸಿ ಮೋಟಾರಿಗೆ ಫೋನಿಂದಲೇ ಆನ್ ಆಫ್ ಮಾಡೋ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ಮೇಲೆ ಎರಡು ವರ್ಷದಲ್ಲಿ ಎಂಟು ಕೆಜಿ ಏರಿದೀನಿ, ಮನೇಲಿ ಎಲ್ಲಾ ಫೋನಿಗೇ ಬೈತಾರೆ, ಆರನೇ ಕ್ಲಾಸಿನ ಮಗನೂ ದಪ್ಪ ಆಗ್ತಿದಾನೆ, ಫೋನ್ ನೋಡಿದ್ರೆ ನಿಜವಾಗ್ಲೂ ತೂಕ ಬರತ್ತಾ ಅಂತ ಕೇಳಿದೀರಿ. ನಿಮ್ಮ ಪೋಸ್ಟ್ ಕೆಳಗೆ ಒಬ್ರು ಫೋನಿಗೂ ಹೊಟ್ಟೆಗೂ ಏನು ಸಂಬಂಧ ಅಂದ್ರು, ಇನ್ನೊಬ್ರು ರೇಡಿಯೇಷನ್ ಅಂದ್ರು. ರೇಡಿಯೇಷನ್ ಮಾತು ಬಿಟ್ಬಿಡಿ. ಆದ್ರೆ ಸಂಬಂಧಾನೇ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ, ಸಂಬಂಧ ಇದೆ, ಅದು ಬಹುಪಾಲು ತಟ್ಟೆ ಮೂಲಕ ಬರತ್ತೆ.

ಮೊದ್ಲು ನಿಮ್ಮ ಎಂಟು ಕೆಜಿ ಲೆಕ್ಕಾನೇ ನೋಡೋಣ. ಮೈಯಲ್ಲಿ ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. 8 ಕೆಜಿಗೆ 61,600 ಆಯ್ತು, ಎರಡು ವರ್ಷದ ದಿನಗಳಿಗೆ ಹಂಚಿದ್ರೆ ದಿನಕ್ಕೆ 85ರ ಆಸುಪಾಸು. ತೂಕ ಏರಿದ ಹಾಗೆ ಮೈ ಖರ್ಚೂ ಏರೋದ್ರಿಂದ ನಿಜವಾದ ಲೆಕ್ಕ ಇದಕ್ಕಿಂತ ಸ್ವಲ್ಪ ಮೇಲಿರತ್ತೆ, ಆದ್ರೂ 85 ಅಂದ್ರೆ ನಾಲ್ಕು ಚಮಚ ಸಕ್ಕರೆ, ಎರಡು ಲೋಟ ಚಾಕ್ಕೆ ಹಾಕೋ ಅಷ್ಟು. ಈಗ ಕೆಲಸದ ಕಡೆ ನೋಡಿ, 70 ಕೆಜಿ ಇರೋರು ಗುದ್ದಲಿ ಹಿಡಿದು ಅಗೆದ್ರೆ ಗಂಟೆಗೆ 300ರಿಂದ 350 ಕ್ಯಾಲೊರಿ ಖರ್ಚಾಗತ್ತೆ, ಕೂತು ಫೋನ್ ನೋಡಿದ್ರೆ 80-90 ಅಷ್ಟೆ. ದಿನಕ್ಕೆ ಅರ್ಧ ಗಂಟೆ ಮೈಮುರಿಯೋ ಕೆಲಸ ಕಮ್ಮಿ ಆಗಿ ಅನ್ನ ಮಾತ್ರ ಮೊದಲಿನಷ್ಟೇ ಬಡಿಸ್ಕೊಂಡ್ರೂ ನಿಮ್ಮ ಎಂಟು ಕೆಜಿಗೆ ದಾರಿ ಆಗೋಯ್ತು. ನಿಮಗೆ ಸ್ಟಾರ್ಟರ್ ಒಂದೇ ಅಲ್ಲ, ನೀರು ಬಿಡೋದು ಹೋಯ್ತು, ಕಳೆಗೆ ಮಷಿನ್ ಬಂತು, ಸುಲಿಯೋದಕ್ಕೆ ಮಷಿನ್ ಬಂತು, ತೋಟಕ್ಕೆ ಹೋಗೋದೂ ಬೈಕಲ್ಲೇ.

ಕೆಲಸ ಕಮ್ಮಿ ಆದ್ರೆ ಹಸಿವೂ ತಾನಾಗೇ ಕಮ್ಮಿ ಆಗ್ಬೇಕಲ್ಲ ಅಂತ ಕೇಳ್ಬೋದು. ಇದನ್ನ ನಮ್ಮ ದೇಶದಲ್ಲೇ ನೋಡಿದಾರೆ, ಪಶ್ಚಿಮ ಬಂಗಾಳದ ಒಂದು ಸೆಣಬಿನ ಮಿಲ್ಲಿನ 213 ಜನರ ಊಟ, ತೂಕ, ಕೆಲಸ ಮೂರನ್ನೂ ಅಳೆದು ಮೇಯರ್ ಅನ್ನೋ ವಿಜ್ಞಾನಿ ಮತ್ತೆ ಅವ್ರ ಜೊತೆಯವ್ರು 1956ರಲ್ಲಿ ಪ್ರಕಟ ಮಾಡಿದ್ರು. ಹಗುರ ಕೆಲಸದಿಂದ ಮೂಟೆ ಹೊರೋ ಅಂಥ ಭಾರೀ ಕೆಲಸದ ತನಕ, ಕೆಲಸ ಹೆಚ್ಚಾದ ಹಾಗೆ ಊಟವೂ ಹೆಚ್ಚಿತ್ತು, ತೂಕ ಹೆಚ್ಚುಕಮ್ಮಿ ಹದದಲ್ಲೇ ಇತ್ತು. ಆದ್ರೆ ಪೂರ್ತಿ ಕೂತೇ ಇರೋ ಗುಮಾಸ್ತರು, ಅಂಗಡಿ ಇಟ್ಕೊಂಡೋರು ಹಗುರ ಕೆಲಸದವ್ರಿಗಿಂತ ಜಾಸ್ತಿ ಉಣ್ತಿದ್ರು, ತೂಕವೂ ಜಾಸ್ತಿ. ಅಂದ್ರೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದ್ರೆ ಹೊಟ್ಟೆ ಲೆಕ್ಕ ತಪ್ಪತ್ತೆ, ಸಾಕು ಅಂತ ಹೇಳೋದನ್ನೇ ಬಿಡತ್ತೆ. ಆಗ ನಮ್ಮಲ್ಲಿ ಮೊಬೈಲೂ ಇರ್ಲಿಲ್ಲ ಟೀವಿನೂ ಇರ್ಲಿಲ್ಲ ಅನ್ನೋದು ಗಮನಿಸಿ.

ಇನ್ನು ಸ್ಕ್ರೀನ್ ವಿಷಯ, ಇದು ನಿಮ್ಮ ಮಗನಿಗೆ ಜಾಸ್ತಿ ಸಂಬಂಧಪಟ್ಟದ್ದು. ಟೀವಿ ಜಾಸ್ತಿ ನೋಡೋರು ದಪ್ಪ ಇರ್ತಾರೆ ಅಂದ ಮಾತ್ರಕ್ಕೆ ಟೀವಿಯಿಂದಲೇ ದಪ್ಪ ಅಂತ ಆಗಲ್ಲ, ದಪ್ಪ ಇರೋರೇ ಕೂರೋದು ಜಾಸ್ತಿ ಇರ್ಬೋದು, ಹಾಗಾಗಿ ಸ್ಕ್ರೀನ್ ಕಮ್ಮಿ ಮಾಡಿಸಿ ನೋಡಿದ ಪ್ರಯೋಗಗಳೇ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ರಾಬಿನ್ಸನ್ ಅನ್ನೋ ಡಾಕ್ಟ್ರು ಎರಡು ಶಾಲೆಯ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಲ್ಲಿ ಮಾಡಿದ್ರು, 1999ರಲ್ಲಿ ಪ್ರಕಟ ಆಯ್ತು. ಒಂದು ಶಾಲೇಲಿ ಟೀವಿ, ವಿಡಿಯೋ ಗೇಮ್ ಕಮ್ಮಿ ಮಾಡೋದನ್ನ ಪಾಠದ ಜೊತೆ ಕಲಿಸಿದ್ರು, ಇನ್ನೊಂದರಲ್ಲಿ ಇಲ್ಲ. ಶಾಲಾ ವರ್ಷದ ಕೊನೆಗೆ ಮೊದಲ್ನೇ ಶಾಲೆ ಮಕ್ಕಳು ದಪ್ಪ ಆದದ್ದು ಇನ್ನೊಂದು ಶಾಲೆಯವ್ರಿಗಿಂತ ಕಮ್ಮಿ. ಓಟ ಆಟ ಜಾಸ್ತಿ ಆಯ್ತಾ ಅಂದ್ರೆ ಅಳತೆಗೆ ಸಿಗೋ ಅಷ್ಟೇನೂ ಆಗಿರ್ಲಿಲ್ಲ, ಕಮ್ಮಿ ಆಗಿದ್ದು ಟೀವಿ ಮುಂದೆ ಕೂತು ಉಣ್ಣೋದು. 2008ರಲ್ಲಿ ಎಪ್ಸ್ಟೈನ್ ಅನ್ನೋರು 4ರಿಂದ 7 ವರ್ಷದ 70 ಮಕ್ಕಳನ್ನ ತಗೊಂಡು ಅದರಲ್ಲಿ ಒಂದು ಗುಂಪಿಗೆ ಸ್ಕ್ರೀನ್ ಟೈಮ್ ಅರ್ಧ ಮಾಡಿಸಿ ಎರಡು ವರ್ಷ ನೋಡಿದಾಗ್ಲೂ ಹಾಗೇ, ಕಮ್ಮಿ ಆಗಿದ್ದು ತಿನ್ನೋದು.

ನಮ್ಮನೇಲೂ ನೋಡ್ತೀನಲ್ಲ, ಎಡಗೈ ಹೆಬ್ಬೆರಳು ರೀಲ್ಸ್ ಮೇಲಕ್ಕೆ ತಳ್ತಾ ಇರತ್ತೆ, ಬಲಗೈ ಬಾಳೆಕಾಯಿ ಚಿಪ್ಸ್ ಡಬ್ಬಿಗೆ ಹೋಗ್ತಾ ಬರ್ತಾ ಇರತ್ತೆ, ಕಣ್ಣು ಡಬ್ಬಿ ಕಡೆ ತಿರುಗೋದೇ ಇಲ್ಲ, ಬೆರಳಿಗೆ ಡಬ್ಬಿ ತಳ ತಾಗಿದಾಗ್ಲೇ ಖಾಲಿ ಅಂತ ಗೊತ್ತಾಗೋದು. 100 ಗ್ರಾಂ ಚಿಪ್ಸಲ್ಲಿ 500 ಕ್ಯಾಲೊರಿಗೂ ಮೇಲಿದೆ, ಅದನ್ನ ಕರಗಿಸೋಕೆ ಬಿರುಸಾಗಿ ಎರಡು ಗಂಟೆಯಷ್ಟು ನಡೀಬೇಕು.

ಹಾಗಾಗಿ ಮಗನ ಕೈಯಿಂದ ಫೋನ್ ಕಿತ್ಕೊಂಡು ಜಗಳ ಮಾಡೋ ಮೊದ್ಲು ಒಂದೇ ನಿಯಮ ತನ್ನಿ, ತಿನ್ನೋವಾಗ ಫೋನಿಲ್ಲ ಟೀವಿ ಇಲ್ಲ, ಚಿಪ್ಸ್ ಆದ್ರೂ ಸರಿ ಅಡುಗೆಮನೇಲಿ ತಟ್ಟೆಗೆ ಹಾಕ್ಕೊಂಡು ಕೂತು ತಿನ್ನೋದು. ದೊಡ್ಡೋರಿಗೂ ಅದೇ ನಿಯಮ, ಇಲ್ಲಾಂದ್ರೆ ಮಕ್ಕಳು ಕೇಳಲ್ಲ. ಡಯಟ್ ಗಿಯಟ್ ದಯವಿಟ್ಟು ಬೇಡ, ಬೆಳೆಯೋ ಹುಡುಗ, ತೂಕ ಈಗಿದ್ದಲ್ಲೇ ನಿಂತು ಎತ್ತರ ಬೆಳೆದ್ರೆ ಎಷ್ಟೋ ಮಕ್ಕಳಿಗೆ ಅದೇ ಸಾಕಾಗತ್ತೆ, ಒಂದ್ಸಲ ಮಕ್ಕಳ ಡಾಕ್ಟ್ರ ಹತ್ರ ತೋರಿಸಿ ಕೇಳಿ. ಎಲ್ಲರೆದುರು ಡುಮ್ಮ ಅಂತ ಕರೆಯೋದಂತೂ ನಿಲ್ಲಿಸಿ, ಆ ವಯಸ್ಸಿಗೆ ಅದು ತುಂಬಾ ನೋಯತ್ತೆ. ರಾತ್ರಿ ಫೋನ್ ಹಾಸಿಗೆ ಹತ್ರ ಬೇಡ, ನಿದ್ದೆಗೆಟ್ರೆ ಮರುದಿನ ತಿನ್ನೋ ಆಸೆ ಹೆಚ್ಚತ್ತೆ.

ನಿಮಗೆ: ಮೊಬೈಲ್ ಸ್ಟಾರ್ಟರ್ ತೆಗೀಬೇಡಿ, ರಾತ್ರಿ ಕರೆಂಟಿಗೆ ಕಾಯೋದು ತಪ್ಪಿದೆಯಲ್ಲ ಅದು ದೊಡ್ಡ ನೆಮ್ಮದಿ. ಆದ್ರೆ ಮೋಟಾರ್ ಆನ್ ಆದ್ಮೇಲೆ ಬೈಕ್ ಬಿಟ್ಟು ನಡ್ಕೊಂಡು ಹೋಗಿ ಲೈನ್ ಲೈನ್ ನೋಡಿ ಬನ್ನಿ. ನೀರು ತೊಟ್ಟಿಕ್ಕೋ ಡ್ರಿಪ್ಪರ್ ಕಟ್ಕೊಂಡಿದ್ದು, ಇಲಿ ಪೈಪ್ ಕಡಿದದ್ದು ಮೊಬೈಲಲ್ಲಿ ಕಾಣಲ್ಲ, ತೋಟಕ್ಕೂ ಅದು ಬೇಕೇ ಬೇಕು. ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಬಿರುಸು ನಡಿಗೆಯಂಥ ಓಡಾಟ ಬೇಕು ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ, ದಿನಾ ಅರ್ಧ ಗಂಟೆ ತೋಟ ಸುತ್ತಿದ್ರೆ ಅದು ದಾಟೋಗತ್ತೆ. ಬರೀ ನಡೆದ್ರೆ ಮಾತ್ರ ಸಾಲದು. ಕೊಯ್ಲಿನ ದಿನ ಉಣ್ಣೋ ಅನ್ನ, ಮಳೆಗಾಲದಲ್ಲಿ ಜಗಲಿ ಮೇಲೆ ಕೂತ ದಿನ ಉಣ್ಣೋ ಅನ್ನ ಒಂದೇ ಅಳತೆ ಇರಬಾರದು, ಒಂದು ಸೌಟು ಅನ್ನ ಕಮ್ಮಿ ಮಾಡಿ ಪಲ್ಯ ಜಾಸ್ತಿ ಹಾಕ್ಕೊಳಿ, ಚಾದ ಸಕ್ಕರೆ ಅರ್ಧಕ್ಕೆ ಇಳಿಸಿ.

ಪ್ಯಾಂಟ್ ಸೈಜ್ ಅದೇ ಇದೆ ಅಂದಿದೀರಿ, ಅದನ್ನ ನಂಬಬೇಡಿ, ಹೊಟ್ಟೆ ಬಂದ್ಮೇಲೆ ಪ್ಯಾಂಟ್ ಕೆಳಗೆ ಜಾರಿರತ್ತೆ. ಟೈಲರ್ ಟೇಪಲ್ಲಿ, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಅಳೀರಿ. ನಮ್ಮ ದೇಶದ ಗಂಡಸ್ರಿಗೆ 90 ಸೆಂಟಿಮೀಟರ್, ಹೆಂಗಸ್ರಿಗೆ 80 ದಾಟಿದ್ರೆ ಶುಗರ್, ಬಿಪಿ ನೋಡಿಸ್ಲೇಬೇಕು. ಆಯಾಸ, ಕಾಲು ಊತ ಇದ್ರೆ, ಅಥವಾ ಊಟ ಕಮ್ಮಿ ಮಾಡಿದ್ರೂ ತೂಕ ಏರ್ತಾನೇ ಇದ್ರೆ ಥೈರಾಯ್ಡ್ ಕೂಡ ಟೆಸ್ಟ್ ಮಾಡಿಸಿ, ಬೇರೆ ಮಾತ್ರೆ ತಗೊಳ್ತಿದ್ರೆ ಅದರ ಚೀಟಿನೂ ಡಾಕ್ಟ್ರಿಗೆ ತೋರಿಸಿ, ಕೆಲವು ಮಾತ್ರೆಯಿಂದಲೂ ತೂಕ ಬರತ್ತೆ.